ಯಾರ ಮನೆಯವು ಈ ಫೈಲುಗಳು

ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಕಿಂಡಿಯೇ ಇಲ್ಲವೆಂದು ತಿಳಿದಾಗ ತನಗೆ ಅಷ್ಟೊಂದು ಸಂತೋಷವಾದದ್ದು ತಪ್ಪೇನೋ ಎಂಬ ಅಳುಕು ನೆವೆನಾಳಿಗೆ ಬೆಳಗಿನಿಂದ ಇತ್ತು. ಪ್ರತಿ ವರ್ಷ ಸ್ಲಾವಾದ ದಿನ, ಮನೆತನದ ಸಂತನ ಹಬ್ಬದೂಟ ಮುಗಿದ ಮೇಲೆ, ಅಪ್ಪ ಅಮ್ಮನ ಮದುವೆಯ ಡಿಸ್ಕನ್ನು ಎಲ್ಲರೂ ಕೂತು ನೋಡಬೇಕು. ಅದರಲ್ಲಿ ಅಪ್ಪ ಅಮ್ಮ ಕಾಣುವುದು ಕಡಿಮೆ. ಬಹುಪಾಲು ಸ್ವೆತೋಜರನ ಭಾಷಣವೇ. ಅವನು ಮದುವೆಗೆ ಸಾಕ್ಷಿ ನಿಂತವನು, ಆದ್ದರಿಂದ ಮನೆಗೆಲ್ಲ ಕೂಮ. ಕೂಮ ಕೂತರೆ ಕೂರಬೇಕು, ನಿಂತರೆ ನಿಲ್ಲಬೇಕು. ಅವನಿಗೆ ಎದುರಾಡುವ ಮಾತು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಈ ಸಲ ಹಳೆಯ ಪ್ಲೇಯರ್ ಕೆಟ್ಟು ಕೂತಿತ್ತು. ಸದ್ಯ, ನಾನು ಬದುಕಿಕೊಂಡೆ ಎಂದುಕೊಂಡಳು ನೆವೆನಾ. ಆದರೆ ಕೂಮ ಬರುವಾಗ ಕಂಕುಳಲ್ಲಿ ಒಂದು ಪೆಟ್ಟಿಗೆ ಹಿಡಿದೇ ಬಂದ. ಒಳಗೆ, ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡಿಸ್ಕ್ ಡ್ರೈವ್.

"ನನಗೆ ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ಬೇಕಿತ್ತು," ಎಂದಳು ನೆವೆನಾ. ತಟ್ಟೆಯಲ್ಲಿದ್ದ ಕರಿದ ಮೀನಿಗೆ ಮಾತ್ರ ಕೇಳಿಸಿತು. ನಾಲ್ಕು ಗಂಟೆಗೆ ಪಕ್ಕದ ಊರಿನ ಗ್ರಂಥಾಲಯದ ನಿರ್ದೇಶಕರು ತೆರೆಯ ಮೇಲೆ ಅವಳ ಸಂದರ್ಶನ ಮಾಡುವವರಿದ್ದರು. ಅರ್ಜಿ ಹಾಕಿದ್ದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ, ಕೂಮನ ಮೇಲೆ ನಂಬಿಕೆ ಇಲ್ಲವೇ ಎಂದು ಅಪ್ಪ ಕೇಳುತ್ತಿದ್ದ. ಅವಳ ಓದು ಮುಗಿದಂದಿನಿಂದ ಕೂಮ ಒಂದೇ ಒಂದು ಫೋನ್ ಮಾಡಿ ಅದೇ ಗ್ರಂಥಾಲಯದಲ್ಲಿ ಕೆಲಸ ಕೊಡಿಸುವವನಿದ್ದ.

ಡಿಸ್ಕ್ ತಿರುಗಿತು. ಬಟ್ಟಲು ಎತ್ತಿ ಹಿಡಿದ, ತಲೆತುಂಬ ಕೂದಲಿದ್ದ ಕೂಮ ತೆರೆಯ ಮೇಲೆ ಬಂದು, ಗಂಟಲು ಸರಿಮಾಡಿಕೊಂಡು, ಅಲ್ಲೇ ಹೆಪ್ಪುಗಟ್ಟಿದ. ಒಂದು ಮಾತು ಆಡುವುದು, ನಿಲ್ಲುವುದು.

"ನೋಡಿದ್ರಾ? ಇದಕ್ಕೆ ಉಸಿರಾಡೋಕೆ ಜಾಗ ಇಲ್ಲ. ಹೊಟ್ಟೆತುಂಬ ಕಸ," ಎಂದ ಕೂಮ, ಕನ್ನಡಕ ಏರಿಸಿ ಲ್ಯಾಪ್‌ಟಾಪಿನ ಒಳಗಿನ ಫೈಲುಗಳ ಪಟ್ಟಿ ತೆರೆಯುತ್ತ. ನಗರಸಭೆಯಲ್ಲಿದ್ದಾಗ ಕಂಪ್ಯೂಟರ್ ಕೋಣೆಯ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ಅಂದಿನಿಂದ ನೆಂಟರಿಷ್ಟರಲ್ಲೆಲ್ಲ ಅವನೇ ಕಂಪ್ಯೂಟರ್ ಪಂಡಿತ. "ಇದ್ಯಾವುದೇ ಹುಡುಗಿ ಇದು? ನೀನು ಹಾಕಿದ್ದಾ?"

"ಇಲ್ಲ, ಅದು..."

"ಅಪ್ಪ ಹಾಕಿದ್ನಾ?"

"ಅಯ್ಯೋ, ನಾನು ಅದನ್ನ ಮುಟ್ಟೇ ಇಲ್ಲ ಕೂಮ," ಎಂದ ಅಪ್ಪ ಗಾಬರಿಯಿಂದ.

"ಮತ್ತೆ ಇವೆಲ್ಲ ಯಾರ ಮನೆಯವು? ಹೆಸರು ನೋಡು, ನಮ್ಮ ಅಕ್ಷರ ಒಂದಾದ್ರೂ ಇದೆಯಾ? ಕರೆಯದೆ ಬಂದು, ಕಾಲು ಚಾಚಿ ಮಲಗಿದಾವೆ."

"ಹಬ್ಬದ ದಿನ ಕರೆಯದೆ ಬಂದವರನ್ನೇ ಅಲ್ವೇ ನಾವು ಮೊದಲು ಕೂರಿಸೋದು," ಎಂದು ಅಮ್ಮ ನಕ್ಕಳು.

"ಅದು ಮನುಷ್ಯರಿಗಮ್ಮ. ನೀನು ಬ್ರೆಡ್ಡು ತಗೊಂಡು ಬಾ."

ಅಳಿಸಲು ಲ್ಯಾಪ್‌ಟಾಪು ಒಡತಿಯ ಬೆರಳ ಗುರುತು ಕೇಳಿತು. "ಇಡಮ್ಮ," ಎಂದ ಕೂಮ. ಅಪ್ಪ ಕಣ್ಣಲ್ಲೇ ಗದರಿಸಿದ. ಅದು ಯಂತ್ರದ ನರನಾಡಿ, ಕಸವಲ್ಲ ಎಂದು ನೆವೆನಾಳಿಗೆ ಗೊತ್ತಿತ್ತು. ಆದರೂ ಬೆರಳು ಎದ್ದಿತು. ಒಂದು ಫೋಲ್ಡರ್ ಹೋಯಿತು. ಇನ್ನೊಂದಕ್ಕೂ ಬೆರಳು ಇಟ್ಟಳು. ಅದೂ ಹೋಯಿತು. ಪ್ರತಿ ಸಲವೂ ಕೂಮ, ಬಾಡಿಗೆ ಕೊಡದವರನ್ನು ಮನೆ ಬಿಡಿಸಿದವನಂತೆ, ಕೈ ಕೊಡವಿಕೊಂಡ.

ಮತ್ತೆ ಡಿಸ್ಕ್ ಹಾಕಿದಾಗ ಚಿತ್ರವೇನೋ ಸರಾಗವಾಗಿ ಓಡಿತು. ಆದರೆ ಸದ್ದಿಲ್ಲ. ಯುವಕ ಕೂಮ ಬಟ್ಟಲು ಎತ್ತಿದ, ಎದೆ ತಟ್ಟಿಕೊಂಡ, ಕಣ್ಣೊರೆಸಿಕೊಂಡ, ನೀರಿನಿಂದ ಹೊರಗೆ ಬಿದ್ದ ಮೀನಿನಂತೆ ಬಾಯಿ ತೆರೆದ, ಮುಚ್ಚಿದ. ಮುದುಕ ಕೂಮ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ. ಮೂಕವಾಗಿದ್ದ ಲ್ಯಾಪ್‌ಟಾಪು ಮೂಕವಾಗಿಯೇ ಉಳಿಯಿತು. ಇಂಥದರಲ್ಲಿ ಸಂದರ್ಶನ ಹೇಗೆ? ಗಡಿಯಾರ ಮೂರೂವರೆ ದಾಟಿತ್ತು.

"ಪರವಾಗಿಲ್ಲ ಕೂಮ, ಆ ಭಾಷಣ ನಮಗೆ ಬಾಯಿಪಾಠ," ಎಂದ ಅಪ್ಪ ಸಮಾಧಾನಕ್ಕೆ. ಅದರಿಂದ ಕೂಮನ ಮುಖ ಇನ್ನಷ್ಟು ಕೆಂಪಾಯಿತು.

"ಕಸ ಇನ್ನೂ ಬುಟ್ಟಿಯಲ್ಲೇ ಇದೆಯಲ್ಲ, ಅದಕ್ಕೇ ಹೀಗೆ. ಬುಟ್ಟಿ ಸುರಿದುಬಿಟ್ರೆ ಸದ್ದು ತಾನಾಗೇ ಬರುತ್ತೆ. ಬೆರಳು ಇಡು."

ಲ್ಯಾಪ್‌ಟಾಪಿನ ಕಸದ ಬುಟ್ಟಿಯಲ್ಲಿರುವ ತನಕ ಅಳಿಸಿದ್ದನ್ನು ವಾಪಸು ತರಬಹುದಿತ್ತು. ಸುರಿದರೆ ಮುಗಿಯಿತು. ನೆವೆನಾಳ ಬೆರಳು ಅರ್ಧ ದಾರಿಗೆ ಹೋಗಿ ನಿಂತಿತು.

"ಇಡಮ್ಮ, ಕೂಮ ಕೇಳ್ತಿದಾರೆ," ಎಂದ ಅಪ್ಪ.

"ಏನು ಯೋಚನೆ ಮಾಡ್ತಾಳೋ!" ಕೂಮ ಕುರ್ಚಿಗೆ ಒರಗಿದ. "ಇವಳ ಕೆಲಸಕ್ಕೆ ಅಂತ ನಾನು ನಿನ್ನೆ ಕೂಡ ಗ್ರಂಥಾಲಯದ ನಿರ್ದೇಶಕನಿಗೆ ಫೋನ್ ಮಾಡಿದೀನಿ. ಸೈನ್ಯದಲ್ಲಿ ಒಂದೇ ಡೇರೆಯಲ್ಲಿ ಮಲಗಿದವರು ನಾವು. ಇವತ್ತಿಗೂ ಅದೇ ದಪ್ಪ ಮೀಸೆ, ಅದೇ ನಗು. 'ನಿನ್ನ ಹುಡುಗಿ ಅಂದ್ರೆ ನನ್ನ ಹುಡುಗಿ ಕಣೋ' ಅಂದ. ಇಷ್ಟೆಲ್ಲ ಮಾಡೋನಿಗೆ ಒಂದು ಬೆರಳು ಕೊಡೋಕಾಗಲ್ವಾ ನಿನಗೆ?"

ನೆವೆನಾ ಕೈ ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಂಡಳು. ತೆರೆಯ ಮೇಲಿನ ಕೂಮ ಸದ್ದಿಲ್ಲದೆ ಆಣೆ ಮಾಡುತ್ತಿದ್ದ. ಅವಳು ಅವನನ್ನು ಬಿಟ್ಟು, ಎದುರಿಗೆ ಕೂತಿದ್ದವನ ಮುಖ ನೋಡಿದಳು.

"ಅಲ್ಲಿ ನಿರ್ದೇಶಕರು ಹೆಂಗಸು, ಕೂಮ."