ಹಾಕಬಾರದಿದ್ದ ಬ್ರೇಕ್

ಚಾಲಕನಿಲ್ಲದ ಟ್ಯಾಕ್ಸಿ ಗದಗಿಗೆ ಬರಲು ಇನ್ನೆಷ್ಟು ಕಾಲ ಬೇಕೆಂದು ನಮ್ಮ ಆಟೊ ಸ್ಟ್ಯಾಂಡಿನ ಬೋರ್ಡು ದಿನಾ ಅಂದಾಜು ಹೇಳುತ್ತದೆ. ಆ ಟ್ಯಾಕ್ಸಿ ಓಡಾಟ ಕಲಿಯುವುದು ನಮ್ಮದೇ ಆಟೊಗಳಿಗೆ ಹಾಕಿರುವ ಕ್ಯಾಮೆರಾಗಳಿಂದ. ಕಲಿಯಬಾರದೆಂದೇ ನಾವೆಲ್ಲ ಅಡ್ಡಾದಿಡ್ಡಿ ಓಡಿಸುತ್ತೇವೆ.

ಇವತ್ತು ಸಂಜೆ ಬೋರ್ಡಿನಲ್ಲಿ ನಾಲ್ಕು ವರ್ಷವಿದ್ದದ್ದು ಮೂರಕ್ಕೆ ಇಳಿಯಿತು.

"ಯಾವನಲೇ ಇವತ್ತ ನೆಟ್ಟಗ ಗಾಡಿ ಹೊಡದಂವ?" ಸಂಘದ ಅಧ್ಯಕ್ಷ ಈರಪ್ಪ ಗುಡುಗಿದ.

"ನಾನು. ಸಣ್ಣ ಹುಡುಗಿ ಅಡ್ಡ ಓಡಿ ಬಂದ್ಲು, ಬ್ರೇಕ್ ಹಾಕಿದೆ."

ಅವನು ನನ್ನ ಕಾಲರ್ ಹಿಡಿದ. "ಯಾಕ ಹಾಕಿದಿ? ಎಲ್ಲಾರ ಹೊಟ್ಟಿ ಮ್ಯಾಲ ಹೊಡದ್ಯಲ್ಲಲೇ!"

ನನಗೂ ಪಿತ್ತ ನೆತ್ತಿಗೇರಿತು. "ಅಕಿ ನಿನ್ನ ಮೊಮ್ಮಗಳಲೇ, ನಾಚಿಕಿಗೇಡಿ!"

ಈರಪ್ಪ ಕಾಲರ್ ಬಿಟ್ಟ. ಆದರೆ ಅವನ ಕಣ್ಣು ಬೋರ್ಡನ್ನು ಬಿಡಲಿಲ್ಲ.