ದೊಣೆಯ ಅಂಚಿನ ಚಪ್ಪಲಿ

ಬಂಡೆಯ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ. ಹೆಂಗಸಿನವು. ಮೂತಿ ನೀರಿನ ಕಡೆಗೆ, ಒಂದರ ಪಕ್ಕ ಒಂದು, ಬೇಕೆಂದೇ ಬಿಚ್ಚಿಟ್ಟಂತೆ.

ಈರಬಸಪ್ಪ ಏದುಸಿರು ಬಿಡುತ್ತ ನಿಂತರು. ತಾಳ್ಯದಲ್ಲಿ ಬಸ್ಸಿಳಿದು ಈ ಕೆಂಪು ಬಂಡೆಗಳ ಗುಡ್ಡ ಹತ್ತುವುದು ಅವರ ವಯಸ್ಸಿಗೆ ಸುಲಭವಲ್ಲ. ಅದರ ಮೇಲೆ ಕೋಟಿನ ಎರಡೂ ಜೇಬು ಮುಷ್ಟಿ ಗಾತ್ರದ ಕರಿಗಲ್ಲುಗಳಿಂದ ಜೋತಾಡುತ್ತಿದ್ದವು. ಭೂವಿಜ್ಞಾನ ಪಾಠ ಮಾಡಿ ನಿವೃತ್ತರಾದವರ ಜೇಬಿನಲ್ಲಿ ಕಲ್ಲಿದ್ದರೆ ಯಾರೂ ಏಕೆಂದು ಕೇಳುವುದಿಲ್ಲ.

ಗುಡ್ಡದ ನೆತ್ತಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ, ಮಳೆನೀರು ತುಂಬಿ ನಿಂತ ದೊಣೆ. ಚಿಕ್ಕ ಕೆರೆಯಷ್ಟು ಅಗಲ. ಹೆಂಡತಿ ಮೀನಾಕ್ಷಿ ಇದ್ದಾಗ ಪ್ರತಿ ಮಳೆಗಾಲ ಇಬ್ಬರೂ ಬರುತ್ತಿದ್ದರು. ಅವಳು ಹೋದ ಮೇಲೆ ಇದೇ ಮೊದಲು.

ಚಪ್ಪಲಿಯಿಂದ ತುಸು ದೂರದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ, ಕಾಲು ನೀರಿನಲ್ಲಿ. ಕುರಿಗಳು ಆಚೆ ಮೇಯುತ್ತಿದ್ದವು. ಅವಳ ಕಣ್ಣು ಕುರಿಗಳ ಮೇಲಿರಲಿಲ್ಲ, ನೀರಿನ ಮೇಲಿತ್ತು.

ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ಅವರ ಮುಖ ನೋಡಿದಳು, ಆಮೇಲೆ ಜೇಬು.

"ಮೇಷ್ಟ್ರು ಇದ್ದಂಗೈತೆ. ಏನ್ರಿ, ಗುಡ್ಡನೇ ಜೇಬಿಗೆ ತುಂಬ್ಕಂಡೀರಾ?"

"ಮಾದರಿ ಕಲ್ಲು. ಹುಡುಗರಿಗೆ ತೋರಿಸೋಕೆ."

"ಹೌದಾ." ಜೇಬಿನಿಂದ ಕಣ್ಣು ತೆಗೆಯದೆ, "ಹೊತ್ತಾತು, ಇಳೀರಿ," ಎಂದಳು.

"ನೀವು ಹೊರಡಿ. ನಾನು ಕೂತು ಬರ್ತೀನಿ."

"ಹಂಗಾದ್ರೆ ನಾನೂ ಕುಂತ್ಕಂತೀನಿ."

ಈರಬಸಪ್ಪನವರ ಕಣ್ಣು ಮತ್ತೆ ಚಪ್ಪಲಿಯ ಕಡೆ ಹೋಯಿತು. ನೀರಿನಂಚಿನಲ್ಲಿ ಬಿಚ್ಚಿಟ್ಟ ಚಪ್ಪಲಿಯ ಅರ್ಥ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ತನ್ನನ್ನು ಇಲ್ಲಿಂದ ಸಾಗಹಾಕಬೇಕಾಗಿದೆ ಇವಳಿಗೆ. ಬಿಟ್ಟು ಹೋಗುವಂತಿಲ್ಲ. ಬಂದ ಕೆಲಸ ಅವತ್ತಿಗೆ ನಿಂತಿತು. ಅವಳ ಜೊತೆ ಇಳಿಯಲು ಭಾರ ಅಡ್ಡಿಯೆಂದು ಕಲ್ಲುಗಳನ್ನು ಒಂದೊಂದಾಗಿ ತೆಗೆದು ಅಲ್ಲೇ ಇಟ್ಟರು.

ಗುಡ್ಡದ ಬುಡದಲ್ಲಿ ಅವಳು ಕೇಳಿದಳು, "ಮತ್ಯಾವಾಗ ಬರ್ತೀರಿ?"

ಯಾರೂ ಇಲ್ಲದ ದಿನ ಯಾವುದೆಂದು ತಿಳಿಯಬೇಕಾಗಿದೆ ಇವಳಿಗೆ, ಅಂದುಕೊಂಡರು. "ಪ್ರತಿ ಸೋಮವಾರ. ತಪ್ಪಿಸಲ್ಲ."

"ನಾನೂ ತಪ್ಪಿಸಲ್ಲ," ಎಂದಳು. ಹೆಸರು ಹುಲಿಗೆಮ್ಮ.

ಅದೇ ರಾತ್ರಿ ಹೊಳಲ್ಕೆರೆಗೆ ಮರಳಿದಾಗ ಪಕ್ಕದ ಮನೆಯ ಸ್ವಾತಿ ಬೀಗದ ಕೈ ವಾಪಸು ಕೊಡುತ್ತ ಹುಬ್ಬೇರಿಸಿದಳು. "ಇದೇನ್ ಸಾರ್, ಬಹಳ ದಿನ ಆಗುತ್ತೆ, ಬೆಕ್ಕಿಗೆ ಹಾಲು ಹಾಕಮ್ಮ ಅಂದಿದ್ರಿ?"

"ಒಂದು ಜವಾಬ್ದಾರಿ ಬಿತ್ತು."

ಚಳಿಗಾಲದಲ್ಲಿ ದೊಣೆಯ ಮೇಲೆ ಮಂಜು ಕೂರುತ್ತಿತ್ತು. ಅವರು ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದರು, ಅವಳು ರೊಟ್ಟಿ, ಶೇಂಗಾ ಚಟ್ನಿ. ಮಾತು ಕಡಿಮೆ.

"ಮನೇಲಿ ಯಾರ್ಯಾರಿದ್ದಾರೆ?" ಒಮ್ಮೆ ಹುಷಾರಾಗಿ ಕೇಳಿದರು.

"ಎಲ್ಲಾ ಅವ್ರೆ. ಗಂಡ, ಮಗ, ಸೊಸೆ, ಒಂದು ಬಾಯಿಬಡುಕಿ ಅತ್ತೆ. ನಿಮ್ಮನೇಲಿ?"

"ಬೆಕ್ಕು."

ಹುಲಿಗೆಮ್ಮ ನಗಲಿಲ್ಲ. ಇನ್ನೊಂದು ರೊಟ್ಟಿ ಮುರಿದು ಅವರ ಕೈಗಿಟ್ಟಳು.

ಒಂದು ಜೀವ ತನ್ನನ್ನು ನೆಚ್ಚಿಕೊಂಡಿದೆ ಎಂಬ ಎಣಿಕೆಯಲ್ಲೇ ಸೋಮವಾರಗಳು ಬರುತ್ತಿದ್ದವು. ಉಳಿದ ದಿನಗಳಿಗೆ ಹೆಸರಿರಲಿಲ್ಲ.

ಬೇಸಿಗೆಗೆ ದೊಣೆ ಬತ್ತಿತು. ತಳದ ಕೆಸರು ಒಣಗಿ ಹೆಂಚಿನ ಹಾಗೆ ಬಿರಿಯಿತು. ಗುಡ್ಡದ ಮೇಲೆ ಕಡ್ಡಿ ಹುಲ್ಲಿರಲಿಲ್ಲ. ಕುರಿಯವರೆಲ್ಲ ಮಂದೆ ಹೊಡೆದುಕೊಂಡು ಕಾಲುವೆ ನೀರಿರುವ ಗದ್ದೆಗಳ ಕಡೆ ಹೋಗಿದ್ದರು. ಇನ್ನು ಭಯವಿಲ್ಲ, ಬರಬೇಕಾಗಿಲ್ಲ ಎಂದುಕೊಂಡೇ ಈರಬಸಪ್ಪ ಬಂದರು. ಅವಳು ಇದ್ದಳು. ಜೊತೆಗೆ ಒಂದೇ ಒಂದು ಕುಂಟ ಕುರಿ.

"ನಿಮ್ಮವರ ಜೊತೆ ಹೋಗಲಿಲ್ವಾ?"

"ಇದು ನಡೆಯಕಾಗಲ್ಲ ಅಂತದೆ, ಅದಕ್ಕೆ ಉಳ್ಕಂಡೆ."

ನಡೆಯಲಾಗದ ಕುರಿಯನ್ನು ಗುಡ್ಡದ ನೆತ್ತಿಗೆ ಏಕೆ ತಂದಳು? ನೆಪ. ಮನೆಯವರನ್ನೆಲ್ಲ ಕಳಿಸಿ ಒಬ್ಬಳೇ ಉಳಿದಿದ್ದಾಳೆ. ಅವರ ಸಂಶಯ ಗಟ್ಟಿಯಾಯಿತು. ಮಳೆಗೆ ಕಾಯುತ್ತಿದ್ದಾಳೆ.

ಮುಂಗಾರು ಒಂದು ವಾರ ಬಿಡದೆ ಹೊಡೆಯಿತು. ಆ ಸೋಮವಾರ ಬಸ್ಸು ತಡ. ಜಾರುವ ಬಂಡೆಗಳನ್ನು ಕೈಯೂರಿ ಹತ್ತಿ ನೆತ್ತಿ ಮುಟ್ಟಿದಾಗ ದೊಣೆ ತುಂಬಿ ತುಳುಕುತ್ತಿತ್ತು.

ಅಂಚಿನಲ್ಲಿ ಚಪ್ಪಲಿ ಇತ್ತು. ಅವಳಿರಲಿಲ್ಲ.

"ಹುಲಿಗೆಮ್ಮಾ!"

ಬಂಡೆ ಕೂಗಿಗೆ ಕೂಗು ಕೊಟ್ಟಿತು. ಈರಬಸಪ್ಪ ಕೋಟು ಸಮೇತ ನೀರಿಗಿಳಿದರು. ಮೊಣಕಾಲು, ತೊಡೆ. ಈಜು ಬಾರದು ಎಂಬುದು ಆಮೇಲೆ ನೆನಪಾಯಿತು.

"ಮೇಷ್ಟ್ರೇ! ಬ್ಯಾಡ್ರಿ! ಈಚೆಗೆ ಬರ್ರಿ!"

ಬಂಡೆಯ ಹಿಂದಿನಿಂದ ಅವಳು ಓಡಿ ಬಂದಳು. ತೋಳಲ್ಲಿದ್ದ ಸೌದೆ ಪುಳ್ಳೆ ಚೆಲ್ಲಾಡಿತು. ಕೋಟಿನ ಕಾಲರು ಹಿಡಿದು, ಮರಿಯನ್ನು ಎಳೆದ ಹಾಗೆ ದಡಕ್ಕೆ ಎಳೆದಳು. ಮೊದಲು ಜೇಬು ತಡವಿದಳು. ಖಾಲಿ. ಉಸಿರು ಬಿಟ್ಟಳು.

"ನಿಮ್ಮ ಚಪ್ಪಲಿ ನೋಡಿ..." ಅವರ ಹಲ್ಲು ಕಟಕಟಿಸುತ್ತಿದ್ದವು. "ಮೊದಲ ದಿನದಿಂದಲೂ ನನಗೆ ಅದೇ ಭಯ. ಅದಕ್ಕೇ ಬರ್ತಿದ್ದೆ."

"ನಾನಾ?" ಹುಲಿಗೆಮ್ಮ ಬಾಯಿ ಬಿಟ್ಟು ನೋಡಿದಳು. "ದೊಣೆಯೊಳಗೆ ಗಂಗಮ್ಮ ಅವಳೆ. ಮೆಟ್ಟು ಹಾಕ್ಕಂಡು ಅವಳ ಮುಂದೆ ಕುಂತ್ಕಂಬಕಾಗ್ತದಾ? ನಾನು ಸತ್ರೆ ನಮ್ಮತ್ತೆ ಗೆದ್ದಂಗೆ. ಬಿಡ್ತು ಅನ್ರಿ!"

"ಮತ್ತೆ ಬೇಸಿಗೆಯಲ್ಲಿ? ನೀರಿಲ್ಲ, ಹುಲ್ಲಿಲ್ಲ. ಯಾತಕ್ಕೆ ಹತ್ತಿ ಬರ್ತಿದ್ರಿ?"

ಅವಳು ತನ್ನ ಕಂಬಳಿಯನ್ನು ಅವರಿಗೆ ಹೊದಿಸಿದಳು. ಬಂಡೆಯ ಮರೆಗೆ ಕರೆದೊಯ್ದು, ಟೀ ಕಾಯಿಸಲು ಹೂಡಿದ್ದ ಮೂರು ಕಲ್ಲಿನ ಒಲೆಗೆ ಪುಳ್ಳೆ ತುರುಕಿದಳು. ಗುಡ್ಡವೆಲ್ಲ ಕೆಂಪು. ಮುಷ್ಟಿ ಗಾತ್ರದ ಆ ಮೂರು ಕಲ್ಲು ಮಾತ್ರ ಹುಟ್ಟಾ ಕಪ್ಪು.

"ಗುಡ್ಡದಿಂದ ಕಲ್ಲು ಇಳಿಸ್ಕಂಡು ಹೋಗೋರನ್ನ ಬೇಕಾದಷ್ಟು ನೋಡೀನಿ, ಮೇಷ್ಟ್ರೇ," ಎಂದಳು, ಒಲೆ ಊದುತ್ತ. "ಜೇಬು ತುಂಬ ಕಲ್ಲು ಹೊತ್ಕಂಡು ಗುಡ್ಡ ಹತ್ತಿ ನೀರಿನ ತನಕ ಬಂದೋರು ನೀವೊಬ್ರೇ."