ನೀಲಾಳ ನಾಲಿಗೆಗೆ ಬಜೆ

ಸಾಣೆಕಲ್ಲಿನ ಮೇಲೆ ಬಜೆ ಬೇರು ತೇಯುವ ಸರಸರ ಸದ್ದು ಬಮ್ಮಿಗಟ್ಟಿಯ ನಮ್ಮ ಮನೆಯಲ್ಲಿ ದಿನವೂ ಕೇಳುತ್ತಿತ್ತು.

ಮೊನ್ನೆ ಮೊಮ್ಮಗನನ್ನು ಬ್ರೇನ್ ಸ್ಕ್ಯಾನಿಗೆ ಕರೆದೊಯ್ದಿದ್ದೆ. ಆಟಿಸಂ ಇರುವ ಮಕ್ಕಳ ಮೆದುಳು ಹೇಗೆ ಬೆಳೆಯುತ್ತದೆಂದು ವರ್ಷ ವರ್ಷವೂ ನೋಡುವ ರಿಸರ್ಚಿನ ಡಾಕ್ಟರು, "ನಿಮ್ಮ ಮನಿತನದಾಗ ಮೊದಲ ಯಾರರ ಹಿಂಗ ಇದ್ರೇನ್ರಿ?" ಎಂದು ಕೇಳಿದಾಗ, ನನಗೆ ಮತ್ತೆ ಆ ಸದ್ದೇ ಕೇಳಿಸಿತು.

ತಂಗಿ ನೀಲಾಗೆ ಆಗ ಐದು ವರ್ಷ. ಒಂದು ಮಾತೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ನಾನು ಕಾನ್ವೆಂಟಿನ ಹಾಸ್ಟೆಲಿಗೆ ಹೊರಟಿದ್ದೆ, ಟ್ರಂಕು ಪಡಸಾಲೆಯಲ್ಲಿತ್ತು. ಅಜ್ಜಿ ನೀಲಾಳ ಗದ್ದ ಹಿಡಿದು, ಜೇನಿನಲ್ಲಿ ಕಲಸಿದ ಬಜೆಯನ್ನು ನಾಲಿಗೆಗೆ ಹಚ್ಚಿದಳು. ಮೂಗಿಗೆ ಏರುವ ಘಾಟು ಅದು, ಜೇನಿಗೂ ಬಗ್ಗದ ಕಹಿ. ಪುವರ್ ಚೈಲ್ಡ್, ಅಳಲೂ ಇಲ್ಲ. ಟ್ರಂಕಿನ ಕೊಂಡಿಯನ್ನು ಎತ್ತುತ್ತ, ಬಿಡುತ್ತ ಕೂತಳು.

"ನಾಲಿಗಿ ದಪ್ಪ ಐತಿ, ಅಷ್ಟ. ಮಾತು ತಾನ ಬರ್ತಾವ," ಎಂದಳು ಅಜ್ಜಿ.

"ಮಾತಿರ್ಲಿ ಅತ್ತಿ, ಆಕಿ ನನ್ನ ಮಾರಿನೂ ನೋಡಂಗಿಲ್ರಿ," ಎಂದಳು ಅವ್ವ.

"ದಿನಾ ಅದ ಮಾರಿ. ಏನ್ ನೋಡೂದೈತಿ ಬೇ?"

ಅವ್ವ ನಗಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, "ನೀ ದಸರಾ ಸೂಟಿಗೆ ಬಾ. ಅಕ್ಕಾ ಅಂತ ಓಡಿ ಬರ್ತಾಳ ನೋಡು," ಎಂದಳು.

ಸೂಟಿಗೆ ಬಂದಾಗ ನೀಲಾ ಇರಲಿಲ್ಲ, ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಮಧ್ಯಾಹ್ನವೇ. ಬಸ್ಸಿನ ಹೊತ್ತಾಗಿತ್ತು. ಒಂದು ಮುದ್ದು ಕೊಟ್ಟು ಹೋಗೋಣವೆಂದು ಅವಳೆದುರು ಕುಳಿತು ಮೆಲ್ಲಗೆ ಗದ್ದ ಹಿಡಿದೆ.

ನೀಲಾ ಕಣ್ಣು ಮುಚ್ಚಿ ನಾಲಿಗೆ ಚಾಚಿದಳು.